ಅದು ಜೀಪು ಮಾರಾಯ್ರೇ, ಫ್ಯಾಮಿಲಿ ಕಾರಲ್ಲ

ನಮ್ಮ ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಈಗ ಮೂರು ಮಿಲಿಟರಿ ಗಾಡಿಗಳಿವೆ. ಎರಡು ಜಿಪ್ಸಿ, ಒಂದು ಹಳೇ ಮಹೀಂದ್ರಾ ಜೀಪು. ಮೂರರ ಮಾಲೀಕರೂ ನನ್ನ ಹಾಗೆ ಕೋಡ್ ಬರೆದು ಹೊಟ್ಟೆ ಹೊರೆಯುವವರು. ಸೇನೆಯ ಜೊತೆ ಈ ಮೂವರಿಗಿರುವ ಸಂಬಂಧ ಅಂದರೆ ಒಬ್ಬ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದ, ಅದೂ ಪರೇಡ್ ಮುಗಿದ ಮೇಲೆ ಕೊಡುತ್ತಿದ್ದ ತಿಂಡಿಗಾಗಿ. ಗಾಡಿಗಳ ಮುಂದೆ ಉಕ್ಕಿನ ಬಂಪರ್, ಅದಕ್ಕೊಂದು ವಿಂಚು, ಹಿಂದೆ ಜೆರ್ರಿ ಕ್ಯಾನು, ಪಕ್ಕಕ್ಕೆ ಬೆಲ್ಟು ಬಿಗಿದು ಕಟ್ಟಿದ ಒಂದು ಸಲಿಕೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಲಿಕೆ ಎಂತಕ್ಕೆ ಅಂತ ಕೇಳಿದರೆ ಸಿಟ್ಟು ಮಾಡಿಕೊಳ್ಳುತ್ತಾರೆ.

ನಗಬೇಡಿ. ನಾನು ನಾಲ್ಕನೆಯವನಾಗಬೇಕಿತ್ತು. ಮೂರೂವರೆ ಲಕ್ಷಕ್ಕೆ ಮಾತಾಗಿ, ಇಪ್ಪತ್ತು ಸಾವಿರ ಮುಂಗಡವನ್ನೂ ಕೊಟ್ಟಿದ್ದೆ. ಮನೆಯಲ್ಲಿ ಆಗಿದ್ದ ಸಣ್ಣ ಕಾರನ್ನು ಮಾರಿ, ಸೇನೆಯಿಂದ ಹರಾಜಾಗಿ ಬಂದ ಒಂದು ಜಿಪ್ಸಿಯನ್ನು ನಮ್ಮ ಏಕೈಕ ಕಾರಾಗಿ ಮಾಡಿಕೊಳ್ಳುವುದು ನನ್ನ ಯೋಜನೆ. ಆದ್ದರಿಂದ ಮುಂದೆ ನಾನು ಬೈಯುವುದೆಲ್ಲ ಮೊದಲು ನನಗೇ ತಾಗುತ್ತದೆ. ಉಳಿದದ್ದು ನಿಮಗೂ ಸ್ವಲ್ಪ ತಾಗಲಿ ಅಂತಲೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಜೀಪಿನ ಮೇಲೆ ದ್ವೇಷವಿಲ್ಲ. ಮದುವೆಯಾಗದವರು, ಮನೆಯಲ್ಲಿ ಇನ್ನೊಂದು ಕಾರಿರುವವರು, ಭಾನುವಾರ ಕೈಗೆ ಗ್ರೀಸು ಹಚ್ಚಿಕೊಳ್ಳುವ ಸುಖಕ್ಕಾಗಿ ಹಳೇ ಜೀಪು ಇಟ್ಟುಕೊಳ್ಳುವವರು, ಎಲ್ಲರೂ ಧಾರಾಳವಾಗಿ ಇಟ್ಟುಕೊಳ್ಳಿ. ನನ್ನ ತಕರಾರು ಇರುವುದು 'ಫ್ಯಾಮಿಲಿ ಕಾರ್' ಎಂಬ ಎರಡು ಪದಗಳ ಮೇಲೆ. ಹೆಂಡತಿ, ಎರಡು ಮಕ್ಕಳು, ಆಗಾಗ ಊರಿಂದ ಬರುವ ಅಪ್ಪ ಅಮ್ಮ ಇರುವ ಮನೆಗೆ ಇರುವುದೊಂದೇ ಪಾರ್ಕಿಂಗ್ ಜಾಗ. ಆ ಜಾಗದಲ್ಲಿ ಯುದ್ಧಕ್ಕೆ ಅಂತ ಮಾಡಿದ ಗಾಡಿಯೊಂದನ್ನು ತಂದು ನಿಲ್ಲಿಸಿ, "ಇದು ನಮ್ಮ ಫ್ಯಾಮಿಲಿಗೆ" ಅನ್ನುತ್ತೀರಲ್ಲ, ಅದು ಸುಳ್ಳು. ಆ ಸುಳ್ಳನ್ನು ನಾನೂ ಹೇಳಿದ್ದೆ.

*

ನಾನು ಹುಟ್ಟಿ ಬೆಳೆದದ್ದು ಕೊಪ್ಪದ ಕಡೆಯ ಒಂದು ಹಳ್ಳಿಯಲ್ಲಿ. ನಾನು ಹೈಸ್ಕೂಲು ಮುಗಿಸುವ ತನಕ ನಮ್ಮೂರಿಗೆ ಟಾರು ರಸ್ತೆ ಇರಲಿಲ್ಲ. ಬಸ್ಸು ನಿಲ್ಲುವ ಜಾಗದಿಂದ ಮನೆಗೆ ಒಂಬತ್ತು ಕಿಲೋಮೀಟರು ಮಣ್ಣಿನ ದಾರಿ, ನಡುವೆ ಎರಡು ಹಳ್ಳ. ಮಳೆಗಾಲದಲ್ಲಿ ಆ ದಾರಿಯಲ್ಲಿ ಹೋಗುತ್ತಿದ್ದ ನಾಲ್ಕು ಚಕ್ರದ ಗಾಡಿ ಅಂದರೆ ದೊಡ್ಡಪ್ಪನ ಜೀಪೊಂದೇ. ಮಹೀಂದ್ರಾ ಎಂಎಂ 540, ಪ್ಯೂಜೊ ಡೀಸೆಲ್ ಎಂಜಿನ್. ಜೂನ್ ಬಂತೆಂದರೆ ದೊಡ್ಡಪ್ಪ ಹಿಂದಿನ ಟೈರುಗಳಿಗೆ ಸರಪಳಿ ಕಟ್ಟುತ್ತಿದ್ದರು. ಆ ಸರಪಳಿಯ ಸದ್ದು ಕೇಳಿದರೆ ಸಾಕು, ಮನೆಮನೆಯಿಂದ ಮಕ್ಕಳು ಅಂಗಳಕ್ಕೆ ಬರುತ್ತಿದ್ದೆವು.

ಆ ಜೀಪು ಹೊತ್ತದ್ದು ಏನೇನು ಅಂತೀರಿ? ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರು, ಗೊಬ್ಬರ, ಮದುವೆ ದಿಬ್ಬಣ, ಚುನಾವಣೆಯ ಮತಪೆಟ್ಟಿಗೆ. ಒಂದು ಸಲ ರಾತ್ರಿ ಹನ್ನೊಂದಕ್ಕೆ ಹಾವು ಕಚ್ಚಿದ ಆಳಿನ ಮಗನನ್ನು ಹೊತ್ತುಕೊಂಡು ಹೋಯಿತು. ಆ ಹುಡುಗ ಬದುಕಿದ, ಈಗ ಅವನಿಗೇ ಮೂರು ಎಕರೆ ತೋಟವಿದೆ. ಆ ರಾತ್ರಿ ಫೋರ್‌ವೀಲ್ ಡ್ರೈವ್ ಇಲ್ಲದೆ ಹೋಗಿದ್ದರೆ ಹಳ್ಳ ದಾಟುವುದಕ್ಕೇ ಆಗುತ್ತಿರಲಿಲ್ಲ. ಹಾಗಾಗಿ ಜೀಪಿನ ಬೆಲೆ ಏನು ಅಂತ ದಯವಿಟ್ಟು ನನಗೆ ಹೇಳಿಕೊಡಬೇಡಿ.

ಆದರೆ ಅದೇ ಜೀಪಿನ ಇನ್ನೊಂದು ಕಥೆಯೂ ಇದೆ. ಮದುವೆಯೊಂದರಿಂದ ವಾಪಸ್ ಬರುವಾಗ ಒಳಗೆ ಹದಿನಾಲ್ಕೋ ಹದಿನೈದೋ ಜನ. ಹಿಂದಿನ ಬಾಗಿಲ ಹತ್ತಿರ ನೇತಾಡುತ್ತಿದ್ದ ನನ್ನ ಸೋದರತ್ತೆಯ ಮಗ ತಿರುವಿನಲ್ಲಿ ಕೈ ಜಾರಿ ಬಿದ್ದ. ಆಗ ಅವನಿಗೆ ಹನ್ನೆರಡು ವರ್ಷ. ತೊಡೆಯ ಮೂಳೆ ಮುರಿದು, ಸರಿಯಾಗಿ ಕೂಡದೆ, ಇವತ್ತಿಗೂ ಎಡಗಾಲು ಎಳೆದುಕೊಂಡೇ ನಡೆಯುತ್ತಾನೆ. ಯಾರೂ ಜೀಪನ್ನು ಬೈಯಲಿಲ್ಲ, ದೊಡ್ಡಪ್ಪನನ್ನೂ ಬೈಯಲಿಲ್ಲ. ಯಾಕೆಂದರೆ ಬೇರೆ ದಾರಿ ಇರಲಿಲ್ಲ. ಹದಿನೈದು ಜನ ಅದರಲ್ಲಿ ಬರಬೇಕು, ಇಲ್ಲವೇ ಮಳೆಯಲ್ಲಿ ಒಂಬತ್ತು ಕಿಲೋಮೀಟರು ನಡೆಯಬೇಕು.

ನಾನು ಪಿಯುಸಿ ಓದುವಾಗ ಊರಿಗೆ ಟಾರು ಬಂತು. ಎರಡೇ ತಿಂಗಳಲ್ಲಿ ದೊಡ್ಡಪ್ಪ ಜೀಪು ಮಾರಿ ಸೆಕೆಂಡ್‌ಹ್ಯಾಂಡ್ ಮಾರುತಿ 800 ತಂದರು. ನನಗೆ ಅಳುವೇ ಬಂದಿತ್ತು. ಅವರು ಎಲೆ ಅಡಿಕೆ ಜಗಿಯುತ್ತಾ ಹೇಳಿದ್ದು ಇಷ್ಟೇ: "ರಸ್ತೆ ಇಲ್ದೇ ಇದ್ದಾಗ ಜೀಪು ಬೇಕಿತ್ತು. ಈಗ ರಸ್ತೆ ಬಂತಲ್ಲ, ಇನ್ನೆಂತಕ್ಕೆ ಅದು?"

ಆಫೀಸಿನಲ್ಲಿ ಹೊಸ ಫೀಚರ್ ಕೇಳಿದವರಿಗೆಲ್ಲ ನಾವು 'ಯೂಸ್ ಕೇಸ್ ಏನು?' ಅಂತ ಪ್ರಾಣ ತಿನ್ನುತ್ತೇವಲ್ಲ, ದೊಡ್ಡಪ್ಪ ಕೇಳಿದ್ದೂ ಅದನ್ನೇ. ಇಪ್ಪತ್ತು ವರ್ಷಗಳ ನಂತರ ಬಿಇ ಓದಿದ ನಾನು ಅದನ್ನು ಕೇಳಿಕೊಳ್ಳಲಿಲ್ಲ.

*

ಈಗ ಗಾಡಿಯ ವಿಷಯಕ್ಕೆ ಬರೋಣ. 'ಮಿಲಿಟರಿ ಗಾಡಿ ಅಂದ್ರೆ ಗಟ್ಟಿ, ಗಟ್ಟಿ ಅಂದ್ರೆ ಸೇಫ್' ಎನ್ನುವುದು ಮೊದಲ ವಾದ. ಇದರಲ್ಲಿ ಮೊದಲರ್ಧ ಸರಿ, ಎರಡನೆಯದು ತಪ್ಪು.

ಜಿಪ್ಸಿ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1985ರಲ್ಲಿ. ಮೊದಲು 970 ಸಿಸಿ ಎಂಜಿನ್, ಆಮೇಲೆ 1298 ಸಿಸಿ. ಏಣಿಯಂಥ ಚಾಸಿ, ಅದರ ಮೇಲೆ ಬಾಡಿ, ಹಿಂದೆ ಮುಂದೆ ಎರಡೂ ಕಡೆ ಒಂದೇ ತುಂಡಿನ ಆಕ್ಸಲ್, ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗು, ಅಂದರೆ ನಮ್ಮೂರ ಗ್ಯಾರೇಜಿನವರು ಪ್ಲೇಟು ಅನ್ನುವುದು. ಹಗುರ ಮೈ, ಸರಳ ಎಂಜಿನ್. ಗುಡ್ಡ ಹತ್ತುತ್ತದೆ, ಹಿಮದಲ್ಲಿ ಹೋಗುತ್ತದೆ, ಕೆಟ್ಟರೆ ಸ್ಪ್ಯಾನರಿನಲ್ಲೇ ರಿಪೇರಿಯಾಗುತ್ತದೆ. ಸೇನೆಗೆ ಬೇಕಾದ್ದು ಅದೇ, ದಶಕಗಳ ಕಾಲ ಅದು ಸೇನೆಯ ಕೆಲಸ ಚೊಕ್ಕವಾಗಿ ಮಾಡಿದೆ. ಅದಕ್ಕೊಂದು ಸಲಾಂ.

ಆದರೆ ಈ ಗಟ್ಟಿತನ ಗಾಡಿ ಕೆಟ್ಟು ನಿಲ್ಲದ ಹಾಗೆ ನೋಡಿಕೊಳ್ಳುವ ಗಟ್ಟಿತನ. ಒಳಗೆ ಕೂತವರನ್ನು ಉಳಿಸುವುದು ಬೇರೆಯೇ ವಿದ್ಯೆ. ಇಂದಿನ ಕಾರುಗಳ ಮೂತಿ ಡಿಕ್ಕಿಯಾದಾಗ ಮುದುಡಿಕೊಳ್ಳುವ ಹಾಗೆ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಹೊಡೆತದ ಶಕ್ತಿಯನ್ನು ತಗಡು ತಿನ್ನುತ್ತದೆ, ಮನುಷ್ಯನಿಗೆ ಉಳಿಯುವುದು ಕಮ್ಮಿ. ಬೆಲ್ಟು ಅವನನ್ನು ಹಿಡಿದುಕೊಳ್ಳುತ್ತದೆ, ಏರ್‌ಬ್ಯಾಗು ತಲೆ ಕಾಯುತ್ತದೆ. 'ನೋಡಿ, ಗುದ್ದಿದರೂ ಬಂಪರ್ ಬಗ್ಗಲಿಲ್ಲ' ಅಂತ ಹೆಮ್ಮೆಯಿಂದ ಫೋಟೋ ಹಾಕುತ್ತೀರಲ್ಲ, ಬಂಪರ್ ಬಗ್ಗದಿದ್ದರೆ ಆ ಹೊಡೆತ ಹೋದದ್ದೆಲ್ಲಿಗೆ? ಅರ್ಧ ನಿಮ್ಮ ಕುತ್ತಿಗೆಗೆ, ಇನ್ನರ್ಧ ಎದುರಿಗೆ ಬಂದ ಸ್ಕೂಟರಿನವನಿಗೆ. ಖಾಸಗಿ ಗಾಡಿಗಳಿಗೆ ಇಂಥ ಕ್ರ್ಯಾಶ್ ಗಾರ್ಡ್ ಹಾಕುವುದು ಕಾನೂನುಬಾಹಿರ ಎಂದು ಕೇಂದ್ರ ಸಾರಿಗೆ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಬರೆದಿದೆ.

2019ರ ಅಕ್ಟೋಬರ್‌ನಿಂದ ನಮ್ಮ ದೇಶದಲ್ಲಿ ಮಾರುವ ಕಾರುಗಳು ಮುಂದಿನಿಂದ ಮತ್ತು ಪಕ್ಕದಿಂದ ಗುದ್ದಿಸುವ ಪರೀಕ್ಷೆ ಪಾಸಾಗಲೇಬೇಕು. ಅದೇ ವರ್ಷ ಎಬಿಎಸ್, ಡ್ರೈವರ್ ಏರ್‌ಬ್ಯಾಗು ಎಲ್ಲ ಕಡ್ಡಾಯವಾದವು. ಜನಸಾಮಾನ್ಯರಿಗೆ ಜಿಪ್ಸಿ ಮಾರಾಟ ನಿಂತದ್ದೂ ಸರಿಸುಮಾರು ಆ ಹೊತ್ತಿಗೇ. ಸೇನೆಗೆ ಮಾತ್ರ ಅದಾದ ಮೇಲೂ ಹೋಯಿತು. ಇದರ ಅರ್ಥ ಬಿಡಿಸಿ ಹೇಳಬೇಕೇ? ಸೈನಿಕ ಒಪ್ಪಿಕೊಂಡ ಅಪಾಯಗಳ ಪಟ್ಟಿ ಬೇರೆ, ಯುಕೆಜಿಗೆ ಹೋಗುವ ಮಗುವಿನ ಪಟ್ಟಿ ಬೇರೆ. ಸೈನಿಕ ಆ ಗಾಡಿಯಲ್ಲಿ ಕೂರುವುದು ಅದು ಸುರಕ್ಷಿತ ಅಂತಲ್ಲ, ಕೂರಬೇಕಾದ್ದು ಅವನ ಕೆಲಸ ಅಂತ.

ಎರಡನೆಯದು ಫೋರ್‌ವೀಲ್ ಡ್ರೈವ್. 'ಬೆಂಗಳೂರಿನ ಗುಂಡಿಗಳಿಗೆ ಇದೇ ಸರಿ' ಅನ್ನುವುದು ನಮ್ಮ ಕಾಮಿಡಿ. ಈ ಗಾಡಿಗಳಲ್ಲಿ ಇರುವುದು ಪಾರ್ಟ್‌ಟೈಮ್ ಫೋರ್‌ವೀಲ್. ಹಿಂದಿನ ಮುಂದಿನ ಆಕ್ಸಲ್ಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಾದರೆ ಟೈರು ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಟಾರಿನಲ್ಲಿ ಟೈರು ಜಾರುವುದಿಲ್ಲ, ಗೇರುಗಳು ಒಂದಕ್ಕೊಂದು ಹಿಚುಕಿಕೊಳ್ಳುತ್ತವೆ. ಅದಕ್ಕೇ ಒಣ ರಸ್ತೆಯಲ್ಲಿ ಆ ಲಿವರ್ ಎಳೆಯಬೇಡಿ ಅಂತ ಯಾವ ಮೆಕ್ಯಾನಿಕ್ಕಾದರೂ ಹೇಳುತ್ತಾನೆ. ಅಂದರೆ ನೀವು ಯಾವುದಕ್ಕೆ ಅಂತ ದುಡ್ಡು ಕೊಟ್ಟಿರೋ ಅದನ್ನು ಔಟರ್ ರಿಂಗ್ ರೋಡಿನಲ್ಲಿ ಒಂದು ದಿನವೂ ಬಳಸುವ ಹಾಗಿಲ್ಲ. ಆದರೆ ಆ ಟ್ರಾನ್ಸ್‌ಫರ್ ಕೇಸು, ಮುಂದಿನ ಆಕ್ಸಲ್ಲು ಎಲ್ಲದರ ಭಾರ ಹೊತ್ತು ಪ್ರತಿದಿನ ಪೆಟ್ರೋಲು ಸುಡುತ್ತೀರಿ.

ಪೆಟ್ರೋಲಿನ ಲೆಕ್ಕವನ್ನೂ ಮಾಡಿಬಿಡೋಣ, ಎಕ್ಸೆಲ್ ಇರುವುದೇ ಅದಕ್ಕೆ. ನನ್ನ ಮನೆಯಿಂದ ಆಫೀಸಿಗೆ ಹೋಗಿ ಬರಲು 36 ಕಿಲೋಮೀಟರು. ತಿಂಗಳಿಗೆ 22 ದಿನ ಅಂದರೆ 792. ಈ ಟ್ರಾಫಿಕ್ಕಿನಲ್ಲಿ ಹಳೇ ಜಿಪ್ಸಿ ಲೀಟರಿಗೆ 9 ಕೊಟ್ಟರೆ ಪುಣ್ಯ, ಅಂದರೆ 88 ಲೀಟರು. ನನ್ನ ಸಣ್ಣ ಕಾರು 18 ಕೊಡುತ್ತಿತ್ತು, ಅಂದರೆ 44 ಲೀಟರು. ಲೀಟರಿಗೆ ನೂರು ರೂಪಾಯಿ ಅಂತಲೇ ಹಿಡಿದರೂ ತಿಂಗಳಿಗೆ 4,400 ರೂಪಾಯಿ ವ್ಯತ್ಯಾಸ. ಐದು ವರ್ಷಕ್ಕೆ 2,64,000. 'ಮೂರೂವರೆ ಲಕ್ಷಕ್ಕೆ ಸಿಕ್ಕಿತು, ಅಗ್ಗ' ಅಂದುಕೊಂಡಿದ್ದೆನಲ್ಲ, ಆ ಅಗ್ಗದ ಬಣ್ಣ ಇಲ್ಲೇ ಬಯಲಾಯಿತು. ಜೆಸಿ ರೋಡಿಗೆ ಬಿಡಿಭಾಗ ಹುಡುಕಿಕೊಂಡು ಅಲೆಯುವ ಶನಿವಾರಗಳಿಗೆ ನಾನಿನ್ನೂ ದರ ಹಾಕಿಲ್ಲ.

ಮೂರನೆಯದು ಕಾಗದಪತ್ರ. ಸೇನೆಯ ಗಾಡಿಗಳು ನಮ್ಮ ಆರ್‌ಟಿಒ ಪುಸ್ತಕದಲ್ಲಿರುವುದಿಲ್ಲ, ಅವುಗಳ ನೋಂದಣಿಯೇ ಬೇರೆ. ಬಾಣದ ಗುರುತಿರುವ ಆ ನಂಬರ್ ಪ್ಲೇಟು ನೋಡಿರುತ್ತೀರಿ. ಸೇವೆ ಮುಗಿದ ಮೇಲೆ ಹರಾಜಿನಲ್ಲಿ ವ್ಯಾಪಾರಿಗಳು ಕೊಂಡು, ರಿಪೇರಿ ಮಾಡಿಸಿ, ಹೊಸದಾಗಿ ಸಿವಿಲ್ ನೋಂದಣಿ ಮಾಡಿಸಿ ನಮ್ಮಂಥವರಿಗೆ ಮಾರುತ್ತಾರೆ. ನಾನು ಮುಂಗಡ ಕೊಟ್ಟಿದ್ದ ಗಾಡಿಯನ್ನು ಪರಿಚಯದ ಮೆಕ್ಯಾನಿಕ್ಕೊಬ್ಬರಿಗೆ ತೋರಿಸಿದೆ. ಅವರು ಅಡಿಗೆ ಹೋಗಿ ಮಲಗಿ, ಟಾರ್ಚು ಹಾಕಿ ನೋಡಿ, ಎದ್ದು ಬಂದು ಹೇಳಿದ್ದು: "ಸಾರ್, ಇದು ಒಂದ್ ಗಾಡಿ ಅಲ್ಲ. ಎರಡು ಗಾಡಿ ಸೇರಿಸಿ ಒಂದು ಮಾಡಿದಾರೆ." ಮಾರಿದವನು ಅದನ್ನು ಅಲ್ಲಗಳೆಯಲೂ ಇಲ್ಲ. "ಎಲ್ಲಾ ಒರಿಜಿನಲ್ ಪಾರ್ಟ್ಸೇ ಸಾರ್" ಅಂದ. ಒರಿಜಿನಲ್ಲೇ ಇರಬಹುದು, ಎರಡು ಗಾಡಿಗಳ ಒರಿಜಿನಲ್.

ಈ ದಂಧೆಯ ದಾರಿಯೂ ಈಗ ಕಿರಿದಾಗುತ್ತಿದೆ. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವ ಹಾಗಿಲ್ಲ, ಅವು ಗುಜರಿ ಕೇಂದ್ರಕ್ಕೇ ಹೋಗಬೇಕು ಎಂಬ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸೇನಾ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ. ಆಮೇಲೆ ಆ ಹಸಿರು ಬಣ್ಣ. ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಗೆ ಮಾತ್ರ. ನೀವು ನಾವು ಬಳಿದರೆ ತಪ್ಪು. ಅದಕ್ಕೇ ನಮ್ಮ ಶೂರರೆಲ್ಲ ಆಲಿವ್ ಅಲ್ಲದ, ಆದರೆ ದೂರದಿಂದ ಆಲಿವ್ ಹಾಗೇ ಕಾಣುವ ಒಂದು ಬಣ್ಣ ಹುಡುಕುತ್ತಾ ಪೇಂಟಿನ ಅಂಗಡಿಯಲ್ಲಿ ಅರ್ಧ ದಿನ ಕಳೆಯುತ್ತಾರೆ. ಸೀರೆಗೆ ಮ್ಯಾಚಿಂಗ್ ಬ್ಲೌಸ್ ಪೀಸ್ ಹುಡುಕುವುದಕ್ಕೆ ಹೆಂಗಸರನ್ನು ಗೇಲಿ ಮಾಡುವವರೂ ಇವರೇ.

*

ಇಷ್ಟೆಲ್ಲ ಗೊತ್ತಿದ್ದೂ ನಾನು ಗಾಡಿ ಬಿಟ್ಟಿರಲಿಲ್ಲ. ಮೋಹ ಅಂದರೆ ಹಾಗೆ, ಲೆಕ್ಕ ಅದಕ್ಕೆ ಅರ್ಥವಾಗುವುದಿಲ್ಲ. ಪೂರ್ತಿ ದುಡ್ಡು ಕೊಡುವ ಮೊದಲು ಒಂದು ಸಲ ಊರಿಗೆ ಓಡಿಸಿಕೊಂಡು ಹೋಗಿ ಬರುತ್ತೇನೆ ಅಂತ ಮಾರುವವನನ್ನು ಒಪ್ಪಿಸಿದೆ. ಹೆಂಡತಿ, ಆರು ವರ್ಷದ ಮಗಳು, ಆಗ ನಮ್ಮ ಮನೆಗೆ ಬಂದಿದ್ದ ಅಮ್ಮ. ನಾಲ್ಕು ಜನ, ಸುಮಾರು ಮುನ್ನೂರು ಕಿಲೋಮೀಟರು.

ಮೊದಲ ಸಮಸ್ಯೆ ಅಪಾರ್ಟ್‌ಮೆಂಟಿನ ಗೇಟು ದಾಟುವ ಮೊದಲೇ ಎದುರಾಯಿತು. ಅಮ್ಮನಿಗೆ ಮಂಡಿನೋವು. ಹಿಂದಿನಿಂದ ಹತ್ತುವ ಆ ಮೆಟ್ಟಿಲು ಅವರ ಸೊಂಟದ ಮಟ್ಟಕ್ಕಿತ್ತು. ನಾನು ಕೆಳಗಿನಿಂದ ಎತ್ತಿ, ಹೆಂಡತಿ ಮೇಲಿನಿಂದ ಎಳೆದು, ಅಡಿಕೆ ಮೂಟೆ ಹೇರಿದ ಹಾಗೆ ಅಮ್ಮನನ್ನು ಹೇರಿದೆವು. ಅಮ್ಮ ಏನೂ ಅನ್ನಲಿಲ್ಲ, ಸೆರಗು ಸರಿಮಾಡಿಕೊಂಡರು ಅಷ್ಟೇ. ಸೆಕ್ಯೂರಿಟಿಯವರು ನೋಡುತ್ತಿದ್ದರು.

ಹಿಂದೆ ಎದುರುಬದುರು ಎರಡು ಬೆಂಚು. ಮಗಳ ಚೈಲ್ಡ್ ಸೀಟು ಕೂರಿಸುವುದಕ್ಕೆ ಜಾಗವೇ ಇಲ್ಲ. ಅಡ್ಡ ಬೆಂಚಿಗೆ ಅದನ್ನು ಬಿಗಿಯುವುದಾದರೂ ಹೇಗೆ? 'ಅಜ್ಜಿ ಪಕ್ಕ ಕೂತ್ಕೋ ಪುಟ್ಟೀ' ಅಂದೆ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಅಥವಾ ಚೈಲ್ಡ್ ಸೀಟಿನಲ್ಲಿ ಭದ್ರ ಮಾಡದೆ ಓಡಿಸಿದರೆ ಸಾವಿರ ರೂಪಾಯಿ ದಂಡ ಅಂತ 2019ರ ತಿದ್ದುಪಡಿಯಲ್ಲೇ ಇದೆ. ಅದು ನನಗೆ ಗೊತ್ತಿತ್ತು. ಒಂದು ದಿನಕ್ಕೆ ಏನಾಗುತ್ತದೆ ಅಂದುಕೊಂಡೆ.

ಬೇಲೂರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ರಸ್ತೆ ಬದಿಯ ಮನೆಯೊಂದರಿಂದ ಕರುವೊಂದು ಒಮ್ಮೆಲೇ ಅಡ್ಡ ಬಂತು. ವೇಗ ಅರವತ್ತೂ ಇರಲಿಲ್ಲ. ಬ್ರೇಕ್ ಒತ್ತಿದೆ, ಗಾಡಿ ನಿಂತಿತು, ಕರು ತಪ್ಪಿಸಿಕೊಂಡಿತು. ಗಾಡಿಯ ತಪ್ಪೇನೂ ಇಲ್ಲ. ಆದರೆ ಅಡ್ಡ ಬೆಂಚಿನಲ್ಲಿ ಕೂತವರನ್ನು ಹಿಡಿಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಮಗಳು ಬೆಂಚಿನ ಉದ್ದಕ್ಕೂ ಜಾರಿಕೊಂಡು ಬಂದು ನನ್ನ ಸೀಟಿನ ಹಿಂದಿನ ಕಬ್ಬಿಣದ ರಾಡಿಗೆ ಹಣೆ ಹೊಡೆದುಕೊಂಡಳು. ಅಮ್ಮ ಅವಳನ್ನು ಹಿಡಿಯಹೋಗಿ ಕೆಳಗೆ ಬಿದ್ದು ಕೈ ಉಳುಕಿಸಿಕೊಂಡರು.

ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು. ಚಿಕ್ಕಮಗಳೂರಿನಲ್ಲಿ ಡಾಕ್ಟರು ನೋಡಿ, ಟಾರ್ಚಿನಲ್ಲಿ ಕಣ್ಣು ಪರೀಕ್ಷಿಸಿ, ಏನೂ ಆಗಿಲ್ಲ, ಈ ರಾತ್ರಿ ವಾಂತಿ ಮಾಡಿದರೆ ಮಾತ್ರ ಕರ್ಕೊಂಡು ಬನ್ನಿ ಅಂದರು. ಆ ರಾತ್ರಿ ಅವಳು ವಾಂತಿ ಮಾಡಲಿಲ್ಲ. ನಾನು ಮಾತ್ರ ಊರಿನ ಮನೆಯಲ್ಲಿ ಗಂಟೆಗೊಮ್ಮೆ ಎದ್ದು ಅವಳ ಉಸಿರು ನೋಡುತ್ತಾ ಕೂತಿದ್ದೆ. ಪಕ್ಕದ ಕೋಣೆಯಲ್ಲಿ ಅಮ್ಮ ನರಳುತ್ತಿದ್ದರು. ಸೋದರತ್ತೆಯ ಮಗ ವಿಷಯ ಕೇಳಿ ಅದೇ ಕಾಲೆಳೆದುಕೊಂಡು ನೋಡಲು ಬಂದಿದ್ದ. ಜಗಲಿಯಲ್ಲಿ ಕೂತು ಕಾಫಿ ಕುಡಿದ, ಅಂಗಳದಲ್ಲಿ ನಿಂತ ಗಾಡಿ ನೋಡಿದ. "ಎಂತ ಮಾರಾಯ, ನಿಮ್ಮ ಬೆಂಗ್ಳೂರಲ್ಲೂ ರಸ್ತೆ ಇಲ್ವನಾ?" ಅಂತ ಕೇಳಿದ.

ಅವನು ಕುಹಕಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೇ ಕೇಳಿದ್ದು. ರಸ್ತೆ ಇರುವವನು ಯಾಕೆ ಜೀಪು ಕೊಳ್ಳುತ್ತಾನೆ ಅನ್ನುವುದು ಅವನಿಗೆ ಅರ್ಥವಾಗಿರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ.

*

ಬೆಂಗಳೂರಿಗೆ ಬಂದು ಗೆಳೆಯರಿಗೆ ಹೇಳಿದಾಗ ಸಿಕ್ಕ ಉತ್ತರಗಳು ಇವು.

'ಹಿಂದಿನ ಬೆಂಚು ಕಿತ್ತು ಮುಂದಕ್ಕೆ ಮುಖ ಮಾಡಿದ ಸೀಟು ಹಾಕಿಸು, ರೋಲ್ ಕೇಜ್ ಹಾಕಿಸು, ಪವರ್ ಸ್ಟೇರಿಂಗ್ ಹಾಕಿಸು.' ಹಾಕಿಸಬಹುದು. ತಯಾರಕರ ಮೂಲ ವಿನ್ಯಾಸ ಬದಲಿಸುವ ಹಾಗಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಪಕ್ಕಕ್ಕಿಟ್ಟರೂ, ಗ್ಯಾರೇಜಿನಲ್ಲಿ ನಾಲ್ಕು ಬೋಲ್ಟು ಹಾಕಿ ಕೂರಿಸಿದ ಸೀಟು ಡಿಕ್ಕಿಯಲ್ಲಿ ನಿಲ್ಲುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಿದವರು ಯಾರು? ಟೆಸ್ಟ್ ಮಾಡದ ಕೋಡನ್ನು ಪ್ರೊಡಕ್ಷನ್ನಿಗೆ ಹಾಕಿದವನನ್ನು ನಾವು ಮೀಟಿಂಗಿನಲ್ಲಿ ನಿಲ್ಲಿಸಿ ಮರ್ಯಾದೆ ತೆಗೆಯುತ್ತೇವೆ. ಅಲ್ಲಿ ಹೆಚ್ಚೆಂದರೆ ಒಂದು ವೆಬ್‌ಸೈಟು ಬೀಳುತ್ತದೆ.

'ಧೋನಿ ತಗೊಂಡಿಲ್ವಾ?' ತಗೊಂಡಿದ್ದಾರೆ. 2019ರಲ್ಲಿ ಜೋಂಗಾ ತಗೊಂಡರು. ಜಬಲ್ಪುರದ ಕಾರ್ಖಾನೆಯಲ್ಲಿ ನಿಸಾನಿನ ವಿನ್ಯಾಸದ ಮೇಲೆ ಸೇನೆಗಾಗಿ ಮಾಡುತ್ತಿದ್ದ ಗಾಡಿ, ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್. ಆದರೆ ಧೋನಿಯ ಮನೆಯಲ್ಲಿ ಗಾಡಿಗಳಿಗೇ ಅಂತ ಒಂದು ದೊಡ್ಡ ಗ್ಯಾರೇಜಿದೆ. ನಿಮಗಿರುವುದು ಬಿ-2 ರಲ್ಲಿ ಕಂಬದ ಪಕ್ಕ ಒಂದು ಸ್ಲಾಟು. ಅವರಿಗೆ ಅದು ಆಟಿಕೆ. ನಿಮ್ಮದು ಮಗಳನ್ನು ಶಾಲೆಗೆ ಬಿಡುವ ಕಾರು.

'ನಾವೆಲ್ಲ ಹಾಗೇ ಬೆಳೆದವರಲ್ವಾ, ಏನಾಯ್ತು?' ಇದು ಹಳ್ಳಿಯಿಂದ ಬಂದ ನಮ್ಮಂಥವರ ಮೆಚ್ಚಿನ ವಾದ. ಏನೂ ಆಗದವರು ಮಾತ್ರ ಇದನ್ನು ಹೇಳುತ್ತಾರೆ. ಆದವರು ಊರಲ್ಲೇ ಇದ್ದಾರೆ, ಕಾಲೆಳೆದುಕೊಂಡು. ಅವರಿಗೆ ಬ್ಲಾಗು ಬರೆಯುವ ಚಟವಿಲ್ಲ.

'ನಿನ್ನ ಹೆಂಡ್ತಿ ಬೇಡ ಅಂದಿರ್ಬೇಕು.' ಹೌದು ಸ್ವಾಮಿ, ಬೇಡ ಅಂದಿದ್ದಳು, ಮೊದಲ ದಿನವೇ. ಮಗಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ತನ್ನ ಆಫೀಸಿಗೂ ಹೋಗುವ ಅವಳು ನಮ್ಮ ಕಾರನ್ನು ನನಗಿಂತ ಹೆಚ್ಚು ಓಡಿಸುತ್ತಾಳೆ. ಪವರ್ ಸ್ಟೇರಿಂಗ್ ಇಲ್ಲದ, ಎಸಿ ಇಲ್ಲದ, ಬಟ್ಟೆಯ ಟಾಪಿನ ಗಾಡಿಯನ್ನು ಮಾರತಹಳ್ಳಿಯ ಟ್ರಾಫಿಕ್ಕಿನಲ್ಲಿ ದಿನವೂ ತಿರುಗಿಸಬೇಕಾದವಳು ಅವಳು. ನಾನು ಅವಳ ಮಾತು ಕೇಳಲಿಲ್ಲ. 'ನಿಂಗೆ ಅದರ ಫೀಲ್ ಗೊತ್ತಾಗಲ್ಲ' ಅಂದೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಫ್ಯಾಮಿಲಿ ಕಾರು ಅಂದೆನಲ್ಲ, ಆ ಫ್ಯಾಮಿಲಿಯಲ್ಲಿ ನನ್ನನ್ನು ಬಿಟ್ಟರೆ ಇನ್ನಾರಿಗೂ ಅದು ಬೇಕಿರಲಿಲ್ಲ.

ಇನ್ನೊಂದು ಉತ್ತರವಿದೆ, ಅದಕ್ಕೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. 'ಅದರಲ್ಲಿ ಕೂತರೆ ಊರಿನ ನೆನಪಾಗುತ್ತೆ ಕಣೋ.' ಇದು ಸುಳ್ಳಲ್ಲ. ನನ್ನನ್ನು ಕೆಡಿಸಿದ್ದೂ ಇದೇ. ಡೀಸೆಲ್ಲಿನ ವಾಸನೆ, ಟಾರ್ಪಾಲಿನ ಮೇಲೆ ಮಳೆಯ ಸದ್ದು, ದೊಡ್ಡಪ್ಪನ ಪಕ್ಕ ಕೂತು ಗೇರ್ ಹಾಕಿದ್ದು. ಆದರೆ ಕಳೆದ ವರ್ಷ ನಾನು ಊರಿಗೆ ಹೋದದ್ದು ಎರಡೇ ಸಲ, ಅದರಲ್ಲಿ ಒಂದು ಸಲ ತಿಥಿಗೆ. ದೊಡ್ಡಪ್ಪ ಇನ್ನೂ ಇದ್ದಾರೆ, ಫೋನ್ ಮಾಡಿದರೆ ಮಾತಾಡುತ್ತಾರೆ. ನಾನೇ ಮಾಡುವುದಿಲ್ಲ. ಮೂರೂವರೆ ಲಕ್ಷ ಕೊಟ್ಟು ಊರನ್ನು ಬೇಸ್‌ಮೆಂಟಿನಲ್ಲಿ ನಿಲ್ಲಿಸಿಕೊಳ್ಳಲು ಹೊರಟಿದ್ದೆ.

ವಾರಾಂತ್ಯಕ್ಕೆ ಹತ್ತಿಪ್ಪತ್ತು ಗಾಡಿಗಳ ದಂಡು ಕಟ್ಟಿಕೊಂಡು ನಮ್ಮ ಕಡೆ ಆಫ್‌ರೋಡಿಂಗ್‌ಗೆ ಬರುವವರಿಗೂ ಒಂದು ಮಾತು. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಜೀಪು ಹತ್ತಿಸುವ ಡ್ರೈವರುಗಳನ್ನು ನೋಡಿದ್ದೀರಲ್ಲ. ಆ ಕಲ್ಲು ದಾರಿ ಅವರಿಗೆ ಅನ್ನ, ಅವರಿಗೆ ಜೀಪು ಬೇಕು. ನೀವು ಮಾತ್ರ ಮಜಾಕ್ಕೆ ಅಂತ ಹಳ್ಳಕ್ಕೆ ಗಾಡಿ ಇಳಿಸಿ, ಎಂಜಿನ್ ಎಬ್ಬಿಸಿ, ಕೆಸರು ಹಾರಿಸಿ ವಿಡಿಯೋ ಮಾಡಿಕೊಳ್ಳುತ್ತೀರಿ. ಆ ಹಳ್ಳದ ನೀರು ಕೆಳಗೆ ಯಾರದೋ ತೋಟಕ್ಕೆ, ಯಾರದೋ ಬಚ್ಚಲಿಗೆ ಹೋಗುತ್ತದೆ. ನೀವು ಅಗೆದು ಬಿಟ್ಟ ಗಾಲಿ ಜಾಡಿನಲ್ಲಿ ಮೊದಲ ಮಳೆಗೆ ನೀರು ಹರಿದು ದಾರಿಯೇ ಕೊರಕಲಾಗುತ್ತದೆ. ಆ ದಾರಿಯಲ್ಲಿ ಸೋಮವಾರ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದುಕೊಂಡು ಒಬ್ಬ ಸೈಕಲ್ಲಿನಲ್ಲಿ ಬರಬೇಕು. ರಸ್ತೆ ಬೇಕು ಅಂತ ನಮ್ಮ ಹಿರಿಯರು ತಾಲ್ಲೂಕು ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದರು. ನೀವು ರಸ್ತೆ ಇಲ್ಲದ ಜಾಗ ಹುಡುಕಿಕೊಂಡು ಬರುತ್ತೀರಿ. ನಮ್ಮ ಕಷ್ಟ ನಿಮ್ಮ ಪಿಕ್ನಿಕ್ಕು.

*

ಇಪ್ಪತ್ತು ಸಾವಿರ ವಾಪಸ್ ಬರಲಿಲ್ಲ. ಹೋಗಲಿ, ಫೀಸು ಕೊಟ್ಟು ಪಾಠ ಕಲಿತೆ ಅಂದುಕೊಂಡೆ. ಹಳೇ ಕಾರನ್ನು ಮಾರಲಿಲ್ಲ. ಅದರ ಹಿಂದಿನ ಸೀಟಿನಲ್ಲಿ ಮಗಳ ಚೈಲ್ಡ್ ಸೀಟು ಮತ್ತೆ ಬಿಗಿದಿದ್ದೇನೆ. ಅಮ್ಮ ಬಾಗಿಲು ತೆಗೆದು, ಮೊದಲು ಕೂತು, ಆಮೇಲೆ ಕಾಲು ಒಳಗೆ ತೆಗೆದುಕೊಳ್ಳುತ್ತಾರೆ. ಯಾರೂ ಎತ್ತಬೇಕಿಲ್ಲ.

ಗಂಡಸುತನದ ಗಾಡಿಯೇ ಬೇಕು ಅಂತ ಹಟವಿದ್ದರೆ ಈಗ ಅದಕ್ಕೂ ದಾರಿಗಳಿವೆ. 2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ಹಿಂದಿನ ಸೀಟು ಮುಂದಕ್ಕೇ ಮುಖ ಮಾಡಿದೆ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರಿಗೂ ಮಕ್ಕಳಿಗೂ ನಾಲ್ಕು ನಾಲ್ಕು ಸ್ಟಾರ್ ಸಿಕ್ಕಿತು. ಜೀಪಿನ ವಂಶದವರೇ ಅಡ್ಡ ಬೆಂಚು ಬಿಟ್ಟು ಮುಂದೆ ನೋಡುತ್ತಿರುವಾಗ ನಾವ್ಯಾಕೆ ಅದೇ ಬೆಂಚು ಹುಡುಕಿಕೊಂಡು ಹಿಂದಕ್ಕೆ ಹೋಗಬೇಕು?

ಆದರೂ ಮನಸ್ಸು ಕೇಳುವುದಿಲ್ಲ, ಮಿಲಿಟರಿ ಗಾಡಿಯೇ ಬೇಕು ಅನ್ನುವವರಿಗೆ ನನ್ನದು ಒಂದೇ ಕೋರಿಕೆ. ಮುಂಗಡ ಕೊಡುವ ಮೊದಲು ಮೂರು ಕೆಲಸ ಮಾಡಿ. ನಿಮ್ಮ ಅಮ್ಮನನ್ನು ಕರೆದುಕೊಂಡು ಹೋಗಿ, ಅವರ ಪಾಡಿಗೆ ಅವರು ಹಿಂದಿನ ಸೀಟಿಗೆ ಹತ್ತುತ್ತಾರಾ ನೋಡಿ. ನಿಮ್ಮ ಮಗುವಿನ ಚೈಲ್ಡ್ ಸೀಟು ತೆಗೆದುಕೊಂಡು ಹೋಗಿ, ಅದನ್ನು ಎಲ್ಲಿ ಬಿಗಿಯುತ್ತೀರಿ ನೋಡಿ. ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟು, ನೀವು ಹಿಂದಿನ ಅಡ್ಡ ಬೆಂಚಿನಲ್ಲಿ ಕೂತು ಒಂದು ಗಂಟೆ ಊರು ಸುತ್ತಿ ಬನ್ನಿ.

ಆಮೇಲೂ ಬೇಕು ಅನ್ನಿಸಿದರೆ ತಗೊಳ್ಳಿ. ಹೊಳಪು ಹಾಕಿ, ಫೋಟೋ ತೆಗೆಸಿಕೊಳ್ಳಿ, ಸಲಿಕೆಯನ್ನೂ ಕಟ್ಟಿಕೊಳ್ಳಿ. ಆದರೆ ಅದನ್ನು ಜೀಪು ಅಂತಲೇ ಕರೆಯಿರಿ, ಮಕ್ಕಳನ್ನು ಇನ್ನೊಂದು ಕಾರಿನಲ್ಲಿ ಕೂರಿಸಿ.